ಡಬ್ಬಿ ತುಂಬ ಐಸ್, ಆದರೂ ಗಾಡಿ ನಿಂತಿತು

ಮೇ ತಿಂಗಳು, ಮಧ್ಯಾಹ್ನ ಮೂರು ಗಂಟೆ. ಹೊಸಪೇಟೆಯ ರೈಲ್ವೆ ಗೇಟು ಹಾಕಿತ್ತು. ಅದಿರಿನ ಗೂಡ್ಸ್ ಗಾಡಿ ಅಂದರೆ ಗೊತ್ತಲ್ಲ, ಬೋಗಿ ಎಣಿಸುತ್ತಾ ಕೂತರೆ ಐವತ್ತರ ಹತ್ತಿರ ಲೆಕ್ಕ ತಪ್ಪುತ್ತದೆ. ನನ್ನ 1998ರ ಮಾರುತಿ 800 ಸುಮ್ನೆ ಗುರ್ ಅನ್ನುತ್ತಾ ನಿಂತಿತ್ತು. ಒಂದೆರಡು ಸಲ ಕೆಮ್ಮಿತು, ಆಮೇಲೆ ಆಫ್. ಗೇಟು ತೆಗೆದರು. ನಾನು ಸೆಲ್ಫ್ ಹೊಡೆಯುತ್ತಲೇ ಇದ್ದೆ, ಹಿಂದಿನವರು ಹಾರ್ನ್ ಹೊಡೆಯುತ್ತಲೇ ಇದ್ದರು.

ಪಕ್ಕದ ಲಾರಿಯಿಂದ ಒಬ್ಬ ಹಿರಿಯ ಡ್ರೈವರ್ ಇಳಿದು ಬಂದರು. ಬಾನೆಟ್ ಎತ್ತಿಸಿದರು. ತಮ್ಮ ಹೆಗಲ ಮೇಲಿದ್ದ ಟವೆಲನ್ನು ನನ್ನ ನೀರಿನ ಬಾಟಲಿಯಲ್ಲೇ ತೋಯಿಸಿ, ಎಸಿ ಪಂಪಿನ ಮೇಲೆ ಹಾಕಿದರು. "ಏರ್ ಹಿಡದೈತಿ. ಐದು ಮಿನಿಟ್ ಬಿಡ್ರಿ" ಅಂದರು. ಐದು ನಿಮಿಷದ ನಂತರ ಒಂದೇ ಸೆಲ್ಫಿಗೆ ಸ್ಟಾರ್ಟ್. ಎಸಿ ಪಂಪ್ ಅಂದರೆ ತಂಪು ಮಾಡುವ ಎಸಿ ಅಲ್ಲ, ಇಂಜಿನ್ನಿನೊಳಗೆ ತಿರುಗುವ ಕ್ಯಾಮ್ ಶಾಫ್ಟ್ ತಳ್ಳುವ, ಟ್ಯಾಂಕಿನಿಂದ ಪೆಟ್ರೋಲ್ ಎಳೆಯುವ ಪಂಪು. ಅಂಬಾಸಿಡರ್, ಫಿಯಟ್ ಕಾಲದಿಂದ ಮೆಕ್ಯಾನಿಕ್‌ಗಳ ಬಾಯಲ್ಲಿ ಅದಕ್ಕೆ ಅದೇ ಹೆಸರು. ಆ ಕಾಲದಲ್ಲಿ ಘಾಟಿ ಹತ್ತುವವರು ಒಂದು ಚಿಂದಿ ಬಟ್ಟೆ, ಒಂದು ಬಾಟಲಿ ನೀರು ಇಲ್ಲದೆ ಹೊರಡುತ್ತಿರಲಿಲ್ಲ.

ಮನೆಗೆ ಬಂದು ಈ ಕಥೆ ಹೇಳಿದೆ. ನನ್ನ ಭಾವಮೈದನಿಗೆ ಬೇರೆಯೇ ಹೊಳೆಯಿತು. "ಒದ್ದೆ ಬಟ್ಟೆಗೇ ಇಷ್ಟು ಕೆಲಸ ಆಗತ್ತೆ ಅಂದ್ರೆ, ಪೆಟ್ರೋಲನ್ನೇ ಐಸಲ್ಲಿ ತಣ್ಣಗೆ ಮಾಡಿ ಕೊಟ್ರೆ? ಪಿಕಪ್ ಜಾಸ್ತಿ ಆಗಲ್ವಾ?" ಅಮೆರಿಕದ ಡ್ರ್ಯಾಗ್ ರೇಸಿನವರು (ನೇರ ದಾರಿಯಲ್ಲಿ ಸ್ವಲ್ಪ ದೂರದ ಓಟದವರು) ಹೀಗೇ ಮಾಡುತ್ತಾರೆ ಅಂತ ಎಲ್ಲೋ ನೋಡಿದ್ದ. ಅದು ಸುಳ್ಳಲ್ಲ. ಅವರು ಅದಕ್ಕೆ ಕೂಲ್ ಕ್ಯಾನ್ ಅನ್ನುತ್ತಾರೆ. ಒಂದು ಡಬ್ಬಿ, ಒಳಗೆ ಸುರುಳಿ ಸುತ್ತಿದ ಪೈಪು, ಸುತ್ತ ಐಸು. ಪೆಟ್ರೋಲ್ ಆ ಸುರುಳಿಯಲ್ಲಿ ಸುತ್ತಿ ಕಾರ್ಬುರೇಟರಿಗೆ, ಅಂದರೆ ಪೆಟ್ರೋಲನ್ನು ಗಾಳಿಗೆ ಬೆರೆಸುವ ಭಾಗಕ್ಕೆ, ಹೋಗುತ್ತದೆ.

ಸರಿ, ಮಾಡೇ ಬಿಡೋಣ ಅಂದೆ.

ಮೊದಲ ಭಾನುವಾರ: ಸುರುಳಿ

ಫ್ರಿಜ್ ರಿಪೇರಿ ಅಂಗಡಿಯಿಂದ ಕಾಲಿಂಚಿನ ಮೆತ್ತನೆ ತಾಮ್ರದ ಪೈಪು ತಂದೆ, ಮೂರು ಮೀಟರ್. ನಾಲ್ಕಿಂಚಿನ ಪಿವಿಸಿ ಪೈಪಿನ ತುಂಡಿಗೆ ಸುತ್ತಿದರೆ ಎಂಟು ಸುತ್ತು ಬರುತ್ತದೆ. ಬರಿಗೈಯಲ್ಲಿ ಸುತ್ತಿದರೆ ತಾಮ್ರ ಮಡಚಿಕೊಳ್ಳುತ್ತದೆ. ಒಂದು ಕಡೆ ಮಡಚಿದರೂ ಅಷ್ಟೂ ಪೈಪು ದಂಡ. ಅದಕ್ಕೆ ಹಳೇ ಉಪಾಯ: ಒಳಗೆ ಸಣ್ಣ ಮರಳು ತುಂಬಿ, ಎರಡೂ ತುದಿಗೆ ಎಂಸೀಲ್ ಮೆತ್ತಿ, ಆಮೇಲೆ ಸುತ್ತುವುದು. ತುಂಗಭದ್ರೆಯ ಮರಳನ್ನು ಟೀ ಸೋಸುವ ಜರಡಿಯಲ್ಲಿ ಸೋಸಿ ತುಂಬಿದೆ. ಸುರುಳಿ ಸೊಗಸಾಗಿ ಬಂತು, ಅಂಗಡಿಯಲ್ಲಿ ಕೊಂಡ ಹಾಗೆ. ಈ ಮರಳಿನ ಕಥೆ ಮುಂದೆ ಬರುತ್ತದೆ.

ಡಬ್ಬಿ ಅಡುಗೆಮನೆಯದು, ಮೂರು ಲೀಟರಿನ ಸ್ಟೀಲ್ ಡಬ್ಬಿ. ಕೇಳದೇ ತೆಗೆದುಕೊಂಡೆ ಅನ್ನುವುದು ಬೇರೆ ವಿಷಯ. ಬದಿಯಲ್ಲಿ ಎರಡು ತೂತು ಕೊರೆದು, ರಬ್ಬರ್ ಗ್ರಾಮೆಟ್ ಹಾಕಿ, ಪೈಪಿನ ತುದಿ ಹೊರಗೆ ತಂದೆ. ಸುತ್ತ ಎರಡು ಪದರ ಫೋಮ್ ಶೀಟು. ಬಾನೆಟ್ ಒಳಗೆ ಜಾಗ ಇರಲಿಲ್ಲ. ಗಾಜು ತೊಳೆಯುವ ವಾಷರ್ ಬಾಟಲ್ ಬಿಚ್ಚಿ ಅಲ್ಲಿ ಕೂರಿಸಿದೆ.

ಇಲ್ಲಿ ಒಂದು ಮಾತು. ನೀವೂ ಇಂಥದ್ದಕ್ಕೆ ಕೈ ಹಾಕುವವರಾದರೆ ನುಣುಪಾದ ತಾಮ್ರದ ತುದಿಗೆ ರಬ್ಬರ್ ಹೋಸ್ ಏರಿಸಿ ಬರಿ ಕ್ಲಾಂಪ್ ಬಿಗಿದು ಬಿಡಬೇಡಿ. ಬಿಸಿಗೆ ಹೋಸ್ ಮೆತ್ತಗಾಗಿ ಜಾರುತ್ತದೆ. ಕಾರ್ಬುರೇಟರಿನ ಪಕ್ಕ, ಕೆಂಪಗೆ ಕಾದ ಎಕ್ಸಾಸ್ಟಿನ ಹತ್ತಿರ ಪೆಟ್ರೋಲ್ ಚಿಮ್ಮಿದರೆ ಏನಾಗುತ್ತದೆ ಅಂತ ಹೇಳಬೇಕಿಲ್ಲ. ಫ್ಲೇರಿಂಗ್ ಟೂಲ್ ತಂದು ತುದಿಯಲ್ಲಿ ಸಣ್ಣ ಉಬ್ಬು ಮಾಡಿಕೊಂಡೆ. ಅದರ ಹಿಂದೆ ಕ್ಲಾಂಪ್ ಕೂತರೆ ಜಗ್ಗಿದರೂ ಬರಲ್ಲ. ಹೋಸ್ ಹೊಸದು, ಎಥನಾಲ್ ತಡೆಯುವಂಥದು. ಈಗ ಬಂಕಿನಲ್ಲಿ ಸಿಗುವುದು ಎಥನಾಲ್ ಬೆರೆತ ಪೆಟ್ರೋಲ್. ಹಳೇ ರಬ್ಬರಿಗೆ ಅದು ಆಗಿಬರುವುದಿಲ್ಲ. ಮುಂದಿನ ಸೀಟಿನ ಕೆಳಗೆ ಬೆಂಕಿ ಆರಿಸುವ ಒಂದು ಕಿಲೋ ಡ್ರೈ ಪೌಡರ್ ಸಿಲಿಂಡರ್ ಇಟ್ಟುಕೊಂಡೆ.

ಅಂದು ಸಂಜೆ ಸ್ಟಾರ್ಟ್ ಮಾಡಿದೆ. ಐಡ್ಲಿಂಗ್ ಚೆನ್ನಾಗಿತ್ತು. ಆಕ್ಸಿಲರೇಟರ್ ಒತ್ತಿದರೆ ಆಫ್. ಮತ್ತೆ ಸ್ಟಾರ್ಟ್, ಐಡ್ಲಿಂಗ್ ಸರಿ, ಒತ್ತಿದರೆ ಆಫ್. ಅರ್ಧ ಗಂಟೆ ತಲೆ ಕೆರೆದುಕೊಂಡೆ. ಆಮೇಲೆ ಹೊಳೆಯಿತು: ಪೆಟ್ರೋಲ್ ಬಿಡುವ ಸಣ್ಣ ತೂತಿಗೆ ಜೆಟ್ ಅನ್ನುತ್ತಾರೆ, ಐಡ್ಲಿಂಗಿಗೆ ಬೇರೆ ಜೆಟ್, ಓಟಕ್ಕೆ ಬೇರೆ ಜೆಟ್. ಕಾರ್ಬುರೇಟರ್ ಬಿಚ್ಚಿ ಮೇನ್ ಜೆಟ್ಟನ್ನು ಬೆಳಕಿಗೆ ಹಿಡಿದೆ. ತೂತಿನ ಮಧ್ಯ ಒಂದು ಮರಳಿನ ಕಣ, ಸಾಸಿವೆಗಿಂತಲೂ ಸಣ್ಣದು, ಮೂಗುಬೊಟ್ಟಿನ ಹರಳಿನ ಹಾಗೆ ಹೊಳೆಯುತ್ತಾ ಕೂತಿತ್ತು. ಸುರುಳಿಯನ್ನು ನಾಲ್ಕು ಸಲ ಪೆಟ್ರೋಲಲ್ಲಿ ತೊಳೆದಿದ್ದೆ. ಸಾಲಲಿಲ್ಲ. ಗಾಡಿಯ ಫಿಲ್ಟರ್ ಇರುವುದು ಪಂಪಿಗೆ ಮುಂಚೆ. ನನ್ನ ಸುರುಳಿ ಇದ್ದದ್ದು ಪಂಪಿನ ಆಚೆ. ಹೀಗಾಗಿ ಕಸವನ್ನು ತಡೆಯುವವರೇ ಇರಲಿಲ್ಲ. ಸುರುಳಿಯ ನಂತರ ಇನ್ನೊಂದು ಫಿಲ್ಟರ್ ಹಾಕಿ ಆ ಭಾನುವಾರ ಮುಗಿಸಿದೆ.

ಕಾಗದದ ಮೇಲೆ

ವಾರದ ಮಧ್ಯೆ ಕೂತು ಲೆಕ್ಕ ಹಾಕಿದೆ. ಮೊದಲೇ ಹಾಕಬೇಕಿತ್ತು, ಆದರೆ ಪೈಪು ಸುತ್ತುವ ಖುಷಿ ಲೆಕ್ಕದಲ್ಲಿ ಎಲ್ಲಿ ಬರುತ್ತದೆ?

ಇಂಜಿನ್ನಿನ ಶಕ್ತಿ ಬರುವುದು ಒಳಗೆ ಎಷ್ಟು ಗಾಳಿ ಹೋಯಿತು ಅನ್ನುವುದರ ಮೇಲೆ. ಪೆಟ್ರೋಲ್ ಎಷ್ಟು ಬೇಕಾದರೂ ಸುರಿಯಬಹುದು, ಗಾಳಿ ತೂರಿಸುವುದೇ ಕಷ್ಟ. ತಣ್ಣನೆ ಗಾಳಿ ಒತ್ತಾಗಿರುತ್ತದೆ, ಹಾಗಾಗಿ ಅದೇ ಸಿಲಿಂಡರಿನಲ್ಲಿ ಜಾಸ್ತಿ ಹಿಡಿಯುತ್ತದೆ. ಅಂದ ಮೇಲೆ ತಣ್ಣನೆ ಪೆಟ್ರೋಲ್ ಗಾಳಿಯನ್ನು ಎಷ್ಟು ತಂಪು ಮಾಡುತ್ತದೆ ಅನ್ನುವುದೇ ಪ್ರಶ್ನೆ.

ಒಂದು ಕಿಲೋ ಪೆಟ್ರೋಲ್ ಸರಿಯಾಗಿ ಉರಿಯಲು 14.7 ಕಿಲೋ ಗಾಳಿ ಬೇಕು. ಎಷ್ಟು ವ್ಯತ್ಯಾಸ ನೋಡಿ. ಒಂದು ಲೋಟ ತಣ್ಣೀರನ್ನು ಒಂದು ಕೊಡ ಬಿಸಿನೀರಿಗೆ ಹುಯ್ದ ಹಾಗೆ. ಒಂದು ಕಿಲೋ ಪೆಟ್ರೋಲನ್ನು 30 ಡಿಗ್ರಿ ತಣ್ಣಗೆ ಮಾಡಲು ಸುಮಾರು 66 ಕಿಲೋಜೂಲ್ ಶಾಖ ತೆಗೆಯಬೇಕು. ಆ ತಂಪನ್ನು 14.7 ಕಿಲೋ ಗಾಳಿಗೆ ಹಂಚಿದರೆ ಗಾಳಿ ತಣಿಯುವುದು ನಾಲ್ಕೂವರೆ ಡಿಗ್ರಿ. ಅದೂ ದಾರಿಯಲ್ಲಿ ಎಲ್ಲೂ ಸೋರದಿದ್ದರೆ. ಶಕ್ತಿಯ ಲೆಕ್ಕದಲ್ಲಿ ಎಲ್ಲ ಸೇರಿ ನೂರಕ್ಕೆ ಒಂದರ ಆಸುಪಾಸು.

ಇನ್ನೊಂದು ಕಡೆ, ಅದೇ ಒಂದು ಕಿಲೋ ಪೆಟ್ರೋಲ್ ಆವಿಯಾಗುವಾಗ ತಾನಾಗೇ ಹೀರುವ ಶಾಖ ಸುಮಾರು 350 ಕಿಲೋಜೂಲ್. ಐಸ್ ಇಲ್ಲದೇ, ಖರ್ಚಿಲ್ಲದೇ. ಕೈಮೇಲೆ ಪೆಟ್ರೋಲ್ ಬಿದ್ದರೆ ಜುಮ್ಮೆನ್ನುವುದು ಅದಕ್ಕೇ. ಎಥನಾಲ್ ಹೀರುವುದು ಇದರ ಎರಡೂವರೆ ಪಟ್ಟು. ಮೆಥನಾಲ್ ಇನ್ನೂ ಜಾಸ್ತಿ. ಡ್ರ್ಯಾಗ್ ರೇಸಿನಲ್ಲಿ ಮೆಥನಾಲ್‌ಗೆ ಅಷ್ಟು ಮರ್ಯಾದೆ ಇರುವುದಕ್ಕೆ ಇದೂ ಒಂದು ಕಾರಣ.

ತಮಾಷೆ ಅಂದರೆ, ನನ್ನ ಗಾಡಿಯಂಥ ಕಾರ್ಬುರೇಟರ್ ಇಂಜಿನ್ನಿನಲ್ಲಿ ಇನ್‌ಟೇಕ್ ಮ್ಯಾನಿಫೋಲ್ಡಿಗೆ (ಮಿಶ್ರಣವನ್ನು ಸಿಲಿಂಡರಿಗೆ ಒಯ್ಯುವ ಕೊಳವೆಗೆ) ರೇಡಿಯೇಟರಿನ ಬಿಸಿನೀರು ಹರಿಸಿರುತ್ತಾರೆ, ಬೇಕಂತಲೇ. ಪೆಟ್ರೋಲ್ ಗೋಡೆಗೆ ಹನಿಯಾಗಿ ಅಂಟದೆ ಆವಿಯಾಗಲಿ ಅಂತ. ನಾನು ಮೇಲೆ ಐಸ್ ಇಟ್ಟು ತಣಿಸಿದರೆ, ನಾಲ್ಕಿಂಚು ಕೆಳಗೆ ಕಾರು ಅದನ್ನು ಮತ್ತೆ ಬಿಸಿ ಮಾಡುತ್ತದೆ.

ಹಾಗಾದರೆ ಫಾರ್ಮುಲಾ ಒನ್‌ನಲ್ಲಿ ಇದಕ್ಕೊಂದು ನಿಯಮವೇ ಯಾಕೆ ಇತ್ತು ಅಂತ ಭಾವಮೈದ ಕೇಳಿದ. ಒಳ್ಳೆ ಪ್ರಶ್ನೆ. ಹೊರಗಿನ ಗಾಳಿಗಿಂತ 10 ಡಿಗ್ರಿಗೂ ಜಾಸ್ತಿ ತಣ್ಣಗಿನ ಪೆಟ್ರೋಲ್ ಕಾರಿನಲ್ಲಿ ಇರಬಾರದು ಅನ್ನುವುದು ಆ ನಿಯಮ. 2007ರಲ್ಲಿ ಬ್ರೆಜಿಲಿನ ಇಂಟರ್ಲಾಗೋಸ್ ರೇಸ್ ಮುಗಿದ ಮೇಲೆ ವಿಲಿಯಮ್ಸ್ ಮತ್ತು ಬಿಎಂಡಬ್ಲ್ಯು ಸೌಬರ್ ಕಾರುಗಳ ಪೆಟ್ರೋಲ್ ಇದಕ್ಕಿಂತ ತಣ್ಣಗಿತ್ತು ಅಂತ ದೂರು ಎದ್ದಿತು. ಆ ಕಾರುಗಳನ್ನು ಅನರ್ಹ ಮಾಡಿದ್ದರೆ ಏಳನೆಯವನಾಗಿದ್ದ ಮೆಕ್‌ಲಾರೆನ್ ತಂಡದ ಹ್ಯಾಮಿಲ್ಟನ್ ಮೇಲೇರಿ, ಒಂದೇ ಒಂದು ಅಂಕದಲ್ಲಿ ಗೆದ್ದಿದ್ದ ರೈಕೊನೆನ್ ಕೈಯಿಂದ ಚಾಂಪಿಯನ್‌ಶಿಪ್ ಜಾರುತ್ತಿತ್ತು. ಹಾಗೇನೂ ಆಗಲಿಲ್ಲ, ಮೆಕ್‌ಲಾರೆನ್ ಮೇಲ್ಮನವಿಯೂ ಬಿದ್ದುಹೋಯಿತು. ಅಲ್ಲಿ ಜನ ಸೆಕೆಂಡಿನ ಸಾವಿರದ ಒಂದು ಭಾಗಕ್ಕೆ ಜಗಳ ಆಡುತ್ತಾರೆ. 700 ಕುದುರೆಶಕ್ತಿಯಲ್ಲಿ ನೂರಕ್ಕೆ ಒಂದು ಅಂದರೆ ಏಳು ಕುದುರೆ. ನನ್ನ ಗಾಡಿಯ 37ರಲ್ಲಿ ನೂರಕ್ಕೆ ಒಂದು ಅಂದರೆ ಮನೆಯ ಮಿಕ್ಸಿಯ ಅರ್ಧ.

ಎರಡನೇ ಭಾನುವಾರ: ಓಟ

ಆದರೂ ನೋಡದೇ ಬಿಡುವುದಕ್ಕಾಗುತ್ತದೆಯೇ. ಬೆಳಗ್ಗೆ ಹತ್ತಕ್ಕೇ ನೆರಳಲ್ಲಿ 38 ಡಿಗ್ರಿ. ಜ್ಯೂಸ್ ಅಂಗಡಿಯಿಂದ ಎರಡು ಕಿಲೋ ಐಸ್ ತಂದು ಡಬ್ಬಿಗೆ ತುಂಬಿ, ಮೇಲೆ ಒಂದು ಚೊಂಬು ನೀರು ಹಾಕಿದೆ. ಬರಿ ಐಸ್ ತುಂಡುಗಳು ಪೈಪಿಗೆ ಅಲ್ಲೊಂದು ಇಲ್ಲೊಂದು ಕಡೆ ಮಾತ್ರ ತಾಗುತ್ತವೆ. ನೀರು ಹಾಕಿದರೆ ಸುತ್ತಲೂ ಸೊನ್ನೆ ಡಿಗ್ರಿ. ಮಲ್ಟಿಮೀಟರಿನ ಥರ್ಮೋಕಪಲ್ (ಉಷ್ಣತೆ ಅಳೆಯುವ ವೈರು) ತುದಿಯನ್ನು ಕಾರ್ಬುರೇಟರಿನ ಬಾಯಿಯ ಹತ್ತಿರ ಪೈಪಿಗೆ ಕಟ್ಟಿ, ಮೇಲೆ ಫೋಮ್ ಸುತ್ತಿ, ವೈರನ್ನು ಕಿಟಕಿಯಿಂದ ಒಳಗೆ ತಂದೆ.

ಕೂಡ್ಲಿಗಿ ಕಡೆಯ ಹೆದ್ದಾರಿಯಲ್ಲಿ ಒಂದು ನೇರವಾದ, ಖಾಲಿ ತುಂಡು ಹುಡುಕಿದೆವು. ಮೂರನೇ ಗೇರ್, 40ರಿಂದ 80ಕ್ಕೆ, ಆಕ್ಸಿಲರೇಟರ್ ಪೂರ್ತಿ. ಭಾವಮೈದನ ಕೈಯಲ್ಲಿ ಸ್ಟಾಪ್‌ವಾಚ್. ಹೋಗುವಾಗ ಎರಡು, ಬರುವಾಗ ಎರಡು, ಗಾಳಿಯ ದಿಕ್ಕು ವಜಾ ಆಗಲಿ ಅಂತ.

ಐಸ್ ಇಲ್ಲದೆ: 13.4, 13.9, 13.2, 13.7 ಸೆಕೆಂಡು. ಸರಾಸರಿ 13.55.

ಐಸ್ ಹಾಕಿ: 13.6, 13.1, 13.8, 13.5. ಸರಾಸರಿ 13.50.

ಸೆಕೆಂಡಿನ ಇಪ್ಪತ್ತನೇ ಒಂದು ಭಾಗ. ಒಂದು ಓಟಕ್ಕೂ ಇನ್ನೊಂದಕ್ಕೂ ಇರುವ ಏರುಪೇರೇ ಅದರ ಹತ್ತು ಪಟ್ಟು. ಭಾವಮೈದ ಮಾತ್ರ "ನೋಡಿ, ಕಡಿಮೆ ಆಯ್ತಲ್ಲ" ಅಂದ. ಅವನ ಹೆಬ್ಬೆರಳು ಅದಕ್ಕಿಂತ ಜಾಸ್ತಿ ತಡ ಮಾಡುತ್ತದೆ ಅಂದೆ.

ಮೀಟರ್ ನೋಡಿದಾಗ ನಿಜವಾದ ಸ್ವಾರಸ್ಯ ಸಿಕ್ಕಿತು. ಪೂರ್ತಿ ಒತ್ತಿ ಓಡುವಾಗ ಪೆಟ್ರೋಲ್ 14 ಡಿಗ್ರಿಯಲ್ಲಿ ಕಾರ್ಬುರೇಟರಿಗೆ ಬರುತ್ತಿತ್ತು. ಸುರುಳಿ ತನ್ನ ಕೆಲಸ ಚೆನ್ನಾಗಿಯೇ ಮಾಡುತ್ತಿತ್ತು. ಗಾಡಿ ನಿಲ್ಲಿಸಿ ಐಡ್ಲಿಂಗ್ ಬಿಟ್ಟರೆ ಎರಡೇ ನಿಮಿಷದಲ್ಲಿ ಅದೇ ಜಾಗ 41 ಡಿಗ್ರಿ. ಯಾಕೆಂದರೆ ಐಡ್ಲಿಂಗಿನಲ್ಲಿ ಪೆಟ್ರೋಲ್ ಜಿನುಗುವುದಷ್ಟೇ. ಡಬ್ಬಿಯಿಂದ ಕಾರ್ಬುರೇಟರಿನವರೆಗೆ ಇರುವ ಒಂದಡಿ ಹೋಸಿನಲ್ಲಿ ತೆವಳುವಷ್ಟರಲ್ಲಿ ಬಾನೆಟ್ ಒಳಗಿನ ಬಿಸಿಗೆ ಮತ್ತೆ ಕಾಯುತ್ತದೆ. ಅಂದರೆ ತಂಪು ಬೇಕಾದ ಹೊತ್ತಿಗೆ ತಂಪಿಲ್ಲ. ಎರಡು ಕಿಲೋ ಐಸ್ ಒಂದು ಗಂಟೆ ಬಾಳಲಿಲ್ಲ. ಅದರಲ್ಲಿ ಅರ್ಧ ಪೆಟ್ರೋಲಿಗಿಂತ ಇಂಜಿನ್ನಿನ ಬಿಸಿಗೇ ಕರಗಿರಬೇಕು.

ಇನ್ನೊಂದು ಸಣ್ಣ ಬದಲಾವಣೆ ಕಂಡಿತು. ಪೆಟ್ರೋಲ್ ಒಂದೊಂದು ಡಿಗ್ರಿ ತಣಿದಾಗಲೂ ಸುಮಾರು ಸಾವಿರಕ್ಕೆ ಒಂದು ಭಾಗ ಕುಗ್ಗುತ್ತದೆ. 35 ಡಿಗ್ರಿ ಇಳಿದರೆ ಸಾಂದ್ರತೆ ನೂರಕ್ಕೆ ಮೂರಕ್ಕಿಂತ ಸ್ವಲ್ಪ ಜಾಸ್ತಿ. ಕಾರ್ಬುರೇಟರಿನ ಜೆಟ್ಟಿಗೆ ಇದು ತಿಳಿಯುವುದಿಲ್ಲ, ತನ್ನ ಪಾಡಿಗೆ ಬಿಡುತ್ತದೆ. ಹಾಗಾಗಿ ಮಿಶ್ರಣ ಚೂರು ರಿಚ್ ಆಗುತ್ತದೆ, ಅಂದರೆ ಪೆಟ್ರೋಲ್ ಪಾಲು ಜಾಸ್ತಿ. ನಿಮ್ಮ ಕಾರ್ಬುರೇಟರ್ ಲೀನ್ ಆಗಿದ್ದರೆ (ಪೆಟ್ರೋಲ್ ಕಡಿಮೆ ಬಿಡುತ್ತಿದ್ದರೆ) ಐಸ್ ಹಾಕಿದ ದಿನ ಪಿಕಪ್ ಬಂದ ಹಾಗೆ ಅನ್ನಿಸಬಹುದು. ಅದು ಐಸಿನ ಮಹಿಮೆ ಅಲ್ಲ, ಟ್ಯೂನಿಂಗ್ ತಪ್ಪಿದ್ದು. ಇಂಜೆಕ್ಷನ್ ಗಾಡಿಯಲ್ಲಿ ಈ ಭ್ರಮೆಗೂ ಜಾಗವಿಲ್ಲ. ಸೈಲೆನ್ಸರ್ ಪೈಪಿನಲ್ಲಿರುವ ಆಕ್ಸಿಜನ್ ಸೆನ್ಸರ್ ನೋಡಿಕೊಂಡು ಕಂಪ್ಯೂಟರ್ ಆದಷ್ಟು ಸರಿಮಾಡಿಕೊಳ್ಳುತ್ತದೆ.

ಈ ಕುಗ್ಗುವ ಲೆಕ್ಕ ಹಿಡಿದೇ ಬೆಳಗಿನ ಜಾವ ಪೆಟ್ರೋಲ್ ಹಾಕಿಸಿದರೆ ಲಾಭ ಅನ್ನುವವರಿದ್ದಾರೆ. ಬಂಕಿನ ಟ್ಯಾಂಕ್ ಇರುವುದು ನೆಲದೊಳಗೆ. ಅಲ್ಲಿ ಬೆಳಗ್ಗೆಗೂ ಮಧ್ಯಾಹ್ನಕ್ಕೂ ದೊಡ್ಡ ಫರಕು ಇರುವುದಿಲ್ಲ. ನಿದ್ದೆ ಕೆಡಿಸಿಕೊಳ್ಳಬೇಡಿ.

ವಾಪಸ್ ಬರುವಾಗ

ಐಸ್ ಇನ್ನೊಂದು ಕಿಲೋ ಕೊಂಡು ಡಬ್ಬಿ ತುಂಬಿಸಿಕೊಂಡೇ ಊರಿಗೆ ಬಂದೆವು. ಮಧ್ಯಾಹ್ನ ಎರಡೂವರೆ. ಅದೇ ರೈಲ್ವೆ ಗೇಟು, ಹಾಕಿತ್ತು. ಏಳೆಂಟು ನಿಮಿಷ ಕಳೆದಿರಬೇಕು. ಎರಡು ಕೆಮ್ಮು. ಆಫ್.

ಡಬ್ಬಿಯ ಮುಚ್ಚಳ ತೆಗೆದು ನೋಡಿದೆ. ಐಸ್ ಗಟ್ಟಿಯಾಗಿಯೇ ಇತ್ತು. ಭಾವಮೈದ ನಗಲಿಲ್ಲ, ಅದಕ್ಕೆ ಅವನಿಗೆ ಥ್ಯಾಂಕ್ಸ್.

ಅಲ್ಲೇ ಬಾನೆಟ್ ಎತ್ತಿ ನಿಂತಾಗ ನನ್ನ ದಡ್ಡತನ ಕಣ್ಣಿಗೆ ಬಿತ್ತು. ಪಂಪಿನ ಆಚೆ, ಅಂದರೆ ಪಂಪಿನಿಂದ ಕಾರ್ಬುರೇಟರಿನ ಕಡೆಗೆ, ಪೆಟ್ರೋಲ್ ಸ್ವಲ್ಪ ಒತ್ತಡದಲ್ಲಿರುತ್ತದೆ. ಒತ್ತಡ ಇದ್ದರೆ ಕುದಿಯುವುದು ಕಷ್ಟ, ಕುಕ್ಕರಿನಲ್ಲಿ ನೀರಿನ ಹಾಗೆ. ಪಂಪಿನ ಈಚೆ, ಟ್ಯಾಂಕಿನಿಂದ ಎಳೆಯುವ ಕಡೆ, ಸ್ಟ್ರಾದಲ್ಲಿ ಹೀರಿದ ಹಾಗೆ ಒತ್ತಡ ಕಡಿಮೆ. ಪೆಟ್ರೋಲಿನ ಹಗುರ ಅಂಶಗಳು 35-40 ಡಿಗ್ರಿಯಲ್ಲೇ ಕುದಿಯಲು ಶುರುಮಾಡುತ್ತವೆ. ಹೀರುವ ಕಡೆ ಇನ್ನೂ ಬೇಗ. ಅಲ್ಲಿ ಆವಿಯ ಗುಳ್ಳೆ ಸೇರಿಕೊಂಡರೆ ಪಂಪಿನ ಡಯಾಫ್ರಾಂ (ಒಳಗಿನ ರಬ್ಬರ್ ಪರದೆ) ಆ ಗುಳ್ಳೆಯನ್ನೇ ಹಿಂಡುತ್ತಾ ಕೂರುತ್ತದೆ, ಪೆಟ್ರೋಲ್ ಮುಂದೆ ಹೋಗುವುದಿಲ್ಲ. ಲಾರಿ ಡ್ರೈವರ್ 'ಏರ್' ಅಂದದ್ದು ಈ ಆವಿಯನ್ನೇ. ಅವರು ಟವೆಲ್ ಹಾಕಿದ್ದು ಪಂಪಿನ ಮೇಲೆ. ನಾನು ಐಸ್ ಇಟ್ಟದ್ದು ಪಂಪಿನ ಆಚೆ.

ಪಂಪಿಗೆ ಪೆಟ್ರೋಲ್ ತರುವ ಹೋಸನ್ನು ಬೆರಳಿಂದ ಹಿಡಿದುಕೊಂಡು ಹೋದೆ. ಎಕ್ಸಾಸ್ಟಿನ ಕಡೆ ಬಾಗಿ, ಹೀಟರಿನ ಬಿಸಿನೀರಿನ ಪೈಪಿಗೆ ಒರಗಿಕೊಂಡು ಬಂದಿತ್ತು. ಅಷ್ಟಕ್ಕೇ ನಿಂತಿರಲಿಲ್ಲ. ಎರಡನ್ನೂ ಸೇರಿಸಿ ಒಂದು ಕೇಬಲ್ ಟೈ ಬಿಗಿದಿತ್ತು. ಆ ಕಪ್ಪು ಟೈ ನಾನೇ ಬಿಗಿದದ್ದು. ಹಿಂದಿನ ವರ್ಷ ಹೋಸ್ ಬದಲಿಸುವಾಗ, ಅಲ್ಲಾಡದಿರಲಿ, ನೀಟಾಗಿರಲಿ ಅಂತ.

ಮೂರನೇ ಭಾನುವಾರ: ನಲವತ್ತು ನಿಮಿಷದ ಕೆಲಸ

ಟೈ ಕತ್ತರಿಸಿದೆ. ಹೋಸನ್ನು ಎಕ್ಸಾಸ್ಟಿನಿಂದ ದೂರಕ್ಕೆ, ಬಾಡಿಯ ಅಂಚು ಹಿಡಿದು ತಂದು ಹಳೇ ಕ್ಲಿಪ್ಪುಗಳಿಗೆ ಕೂರಿಸಿದೆ. ಪಂಪಿನ ಹತ್ತಿರದ ಒಂದಡಿಗೆ ಬೆಳ್ಳಿ ಬಣ್ಣದ ಹೀಟ್ ಸ್ಲೀವ್ ತೊಡಿಸಿದೆ. ಪಂಪಿನ ಮೂರನೇ ಮೂತಿಗೆ ಹೋಗುವ ರಿಟರ್ನ್ ಹೋಸ್ ಒಂದು ಕಡೆ ಹಿಸುಕಿ ಹೋಗಿತ್ತು, ಅದನ್ನೂ ಬದಲಿಸಿದೆ. ಈ ರಿಟರ್ನ್ ಲೈನನ್ನು ಜನ ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. ಬಳಸದೆ ಉಳಿದ ಪೆಟ್ರೋಲ್, ಜೊತೆಗೆ ಆವಿ, ಅದರಲ್ಲಿ ಟ್ಯಾಂಕಿಗೆ ವಾಪಸ್ ಹೋಗುತ್ತದೆ. ಅದು ಕಟ್ಟಿದರೆ ಬಿಸಿ ಅಲ್ಲೇ ಸುತ್ತುತ್ತದೆ.

ಕೈ ಹೇಗೂ ಮಸಿಯಾಗಿತ್ತು. ಏರ್ ಕ್ಲೀನರ್ ಡಬ್ಬಿಯನ್ನೂ ಒರೆಸೋಣ ಅಂತ ಹೋದೆ. ಅದರ ಮೂತಿಯ ಹತ್ತಿರ ಒಂದು ಸಣ್ಣ ಲಿವರ್ ಇದೆ. ಬೇಸಿಗೆ, ಚಳಿಗಾಲ ಅಂತ ಎರಡು ಸ್ಥಾನ. ಚಳಿಗಾಲಕ್ಕೆ ತಿರುಗಿಸಿದರೆ ಇಂಜಿನ್ ಎಕ್ಸಾಸ್ಟಿನ ಪಕ್ಕದ ಬಿಸಿ ಗಾಳಿ ಎಳೆದುಕೊಳ್ಳುತ್ತದೆ. ಉತ್ತರದ ಚಳಿಯಲ್ಲಿ ಅದು ಬೇಕು. ಹೊಸಪೇಟೆಯ ಮೇ ತಿಂಗಳಲ್ಲಿ ನನ್ನ ಗಾಡಿಯ ಲಿವರ್ ಚಳಿಗಾಲದಲ್ಲಿತ್ತು. ಎಷ್ಟು ವರ್ಷದಿಂದಲೋ. ಗ್ರೀಸ್, ಧೂಳು ಸೇರಿ ಜಾಮ್ ಆಗಿತ್ತು. ಸೀಮೆಎಣ್ಣೆ ಬಿಟ್ಟು, ಸ್ಕ್ರೂಡ್ರೈವರಿನಿಂದ ತಟ್ಟಿ ತಿರುಗಿಸಿದೆ.

ಮರುದಿನ ಅದೇ ರಸ್ತೆ, ಅದೇ ಹೆಬ್ಬೆರಳು, ಡಬ್ಬಿ ಖಾಲಿ. 12.8, 13.0, 12.7, 12.9. ಸರಾಸರಿ 12.85.

ಮುಕ್ಕಾಲು ಸೆಕೆಂಡಿನ ಹತ್ತಿರ. ಈ ಸಲ ನಾಲ್ಕೂ ಓಟ ಹಿಂದಿನ ಎಲ್ಲಕ್ಕಿಂತ ಕಡಿಮೆ. ಲೆಕ್ಕವೂ ಕೂಡಿಬರುತ್ತದೆ. 70 ಡಿಗ್ರಿಯ ಗಾಳಿಯ ಬದಲು 40ರದ್ದು ಹೋದರೆ ಗಾಳಿಯ ಸಾಂದ್ರತೆ ನೂರಕ್ಕೆ ಒಂಬತ್ತೂವರೆ ಜಾಸ್ತಿ. ಶಕ್ತಿ ಅಷ್ಟೇ ಏರುವುದಿಲ್ಲ, ಅದರ ಅರ್ಧದಷ್ಟು ಏರಿದರೂ ಸಾಕು. ಹದಿನೈದು ಪಾಲು ಗಾಳಿಯನ್ನು ಬಿಸಿಯಾಗಿಯೇ ಎಳೆಸುತ್ತಾ, ಒಂದು ಪಾಲು ಪೆಟ್ರೋಲಿಗೆ ಐಸ್ ಇಟ್ಟು ಕೂತಿದ್ದೆ ನಾನು.

ಟ್ರ್ಯಾಕ್ಟರ್ ಇಟ್ಟುಕೊಂಡಿರುವ ಗೆಳೆಯರೊಬ್ಬರು ಸುರುಳಿ ನೋಡಿ, ನಮಗೆ ಕೊಡಿ ಅಂದರು. ಡೀಸೆಲಿನ ಕಥೆ ಸ್ವಲ್ಪ ಬೇರೆ. ಹಳೇ ಪಂಪು ಡೀಸೆಲನ್ನು ಅಳೆಯುವುದು ಗಾತ್ರದಲ್ಲಿ. ಡೀಸೆಲ್ ಕಾದು ಹಿಗ್ಗಿದರೆ ಅದೇ ಅಳತೆಯಲ್ಲಿ ತೂಕ ಕಡಿಮೆ ಹೋಗುತ್ತದೆ, ಎಳೆಯುವ ಶಕ್ತಿ ಇಳಿಯುತ್ತದೆ. ಅಲ್ಲಿ ಗಾಳಿ ಹೇಗೂ ಬೇಕಾದ್ದಕ್ಕಿಂತ ಜಾಸ್ತಿ ಇರುತ್ತದೆ, ಮಿತಿ ಹಾಕುವುದು ಡೀಸೆಲ್. ಈಗಿನ ಕಾಮನ್ ರೈಲ್ ಗಾಡಿಗಳಲ್ಲಿ ಪಂಪು ಡೀಸೆಲನ್ನು ವಿಪರೀತ ಒತ್ತುವುದರಿಂದ ವಾಪಸ್ ಬರುವ ಡೀಸೆಲ್ ಚೆನ್ನಾಗಿ ಕಾದಿರುತ್ತದೆ. ಅದನ್ನು ತಣಿಸಲು ಹಲವು ಗಾಡಿಗಳ ಹೊಟ್ಟೆಯ ಕೆಳಗೆ ಕಂಪನಿಯೇ ಸಣ್ಣ ಕೂಲರ್ ಇಟ್ಟಿರುತ್ತದೆ. ಆದರೆ ಅವರ ಟ್ರ್ಯಾಕ್ಟರಿನ ತೊಂದರೆ ಬೇರೆ ಇತ್ತು. ಫಿಲ್ಟರ್ ಎರಡು ವರ್ಷದಿಂದ ಬದಲಿಸಿರಲಿಲ್ಲ. ಅದನ್ನು ಬದಲಿಸಿ ಕಳಿಸಿದೆ, ಸುರುಳಿ ನನ್ನ ಹತ್ತಿರವೇ ಉಳಿಯಿತು.

ಆಮೇಲೆ ಜೂನ್ ಮೊದಲ ವಾರದವರೆಗೂ ಆ ಗೇಟಿನಲ್ಲಿ ಐದಾರು ಸಲ ನಿಂತಿದ್ದೇನೆ. ಒಂದು ದಿನ ಹನ್ನೊಂದು ನಿಮಿಷ, ಎರಡು ಗೂಡ್ಸ್ ಒಂದರ ಹಿಂದೆ ಒಂದು. ಗಾಡಿ ಕೆಮ್ಮಲಿಲ್ಲ. ವಾಷರ್ ಬಾಟಲ್ ವಾಪಸ್ ಅದರ ಜಾಗಕ್ಕೆ ಹೋಯಿತು. ಡಬ್ಬಿಯನ್ನು ಸೋಪು ಹಾಕಿ ಮೂರು ಸಲ ತೊಳೆದು ಅಡುಗೆಮನೆಯಲ್ಲಿ ಇಟ್ಟೆ. ಎರಡು ತೂತಿರುವ ಡಬ್ಬಿಯಲ್ಲಿ ಅಕ್ಕಿ ಹೇಗೆ ಹಾಕಿಡಲಿ ಅಂತ ಹೆಂಡತಿ ಕೇಳಿದಳು. ಅದಕ್ಕೆ ನನ್ನ ಹತ್ತಿರ ಉತ್ತರ ಇರಲಿಲ್ಲ.